ಮಾತಾಡದ ನಟನ ಫೋಟೋ

ಪ್ರಸಿದ್ಧ ಛಾಯಾಚಿತ್ರಕಾರರಾದ ನಾದಾರ್ ಅವರು 1820ರಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ ಜನಿಸಿದರು. ಅವರ ನಿಜವಾದ ಹೆಸರು ಫೆಲಿಕ್ಸ್ ಟೂರ್ನಾಶೋಂ. ನಾದಾರ್ ಅನ್ನೋದು ಸ್ನೇಹಿತರು ಇಟ್ಟ ಅಡ್ಡಹೆಸರು. ಮೊದಲು ಅವರು ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದರು.

ಅವರ ತಮ್ಮ ಆದ್ರಿಯೆನ್. ತಮ್ಮನಿಗೆ ಒಂದು ಕಸುಬು ಆಗಲಿ ಅಂತ ಅಣ್ಣನೇ ಅವನನ್ನು ಫೋಟೋ ಕಲಿಯಲು ಕಳಿಸಿದರು. 1854-55ರಲ್ಲಿ ಇಬ್ಬರೂ ಸೇರಿ ಶಾರ್ಲ್ ದೆಬ್ಯುರೋ ಎಂಬ ನಟನನ್ನು ವೇಷದಲ್ಲೇ ನಿಲ್ಲಿಸಿ ಫೋಟೋ ತೆಗೆದರು. ಆತನ ಪಾತ್ರದ ಹೆಸರು ಪಿಯೆರೋ. ಪಿಯೆರೋ ಮಾತೇ ಆಡುವುದಿಲ್ಲ. ಮುಖಕ್ಕೆಲ್ಲ ಬಿಳಿ ಬಣ್ಣ, ದೊಗಲೆ ಬಿಳಿ ಅಂಗಿ, ದೊಡ್ಡ ದೊಡ್ಡ ಗುಂಡಿ. ನಗು, ಅಳು, ಹೆದರಿಕೆ ಎಲ್ಲಾ ಮುಖ, ಕೈಗಳಲ್ಲೇ ತೋರಿಸಬೇಕು. ಆಗಿನ ಕ್ಯಾಮೆರಾ ಮುಂದೆ ಕೆಲವು ಸೆಕೆಂಡು ಅಲುಗಾಡದೆ ನಿಲ್ಲಬೇಕಿತ್ತು. ಇಲ್ಲದಿದ್ರೆ ಚಿತ್ರ ಮಸುಕಾಗುತ್ತಿತ್ತು. ನಾನು ಕನ್ನಡಿ ಮುಂದೆ ಹೆದರಿದ ಮುಖ ಮಾಡಿಕೊಂಡು ನಿಂತೆ. ಹತ್ತು ಎಣಿಸುವಷ್ಟರಲ್ಲಿ ನಗು ಬಂತು! ಒಂದು ಚಿತ್ರದಲ್ಲಂತೂ ಪಿಯೆರೋನೇ ಕ್ಯಾಮೆರಾ ಪಕ್ಕ ನಿಂತು ಫೋಟೋ ತೆಗೆಯುವವನ ಹಾಗೆ ನಟಿಸಿದ್ದಾನೆ.

1855ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಚಿತ್ರಗಳಿಗೆ ಪದಕ ಬಂತು. ಆದರೆ ತಮ್ಮ ತನ್ನ ಹೆಸರನ್ನೂ ಕಿರಿಯ ನಾದಾರ್ ಎಂದು ಹಾಕಿಕೊಂಡಿದ್ದ. ಅದಕ್ಕೇ ಜಗಳವಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಹೋದರು. 1857ರಲ್ಲಿ ಆ ಹೆಸರು ಅಣ್ಣನಿಗೇ ಸೇರಿದ್ದು ಎಂದು ತೀರ್ಪಾಯಿತು. ಅಣ್ಣನ ಹೆಸರು ಅಣ್ಣನಿಗೆ, ಅದು ಸರಿ. ಆದರೂ ಪಿಯೆರೋ ಚಿತ್ರಗಳಲ್ಲಿ ತಮ್ಮನ ಕೈಕೆಲಸವೂ ಇತ್ತಲ್ಲ, ಪಾಪ ಅನ್ಸುತ್ತೆ.

1858ರಲ್ಲಿ ನಾದಾರ್ ಬಲೂನಿನಲ್ಲಿ ಹಾರಿ ಆಕಾಶದಿಂದಲೂ ಫೋಟೋ ತೆಗೆದರು. ಅವರು 1910ರಲ್ಲಿ ತೀರಿಕೊಂಡರು. ಕ್ಯಾಮೆರಾ ಪಕ್ಕ ನಿಂತ ಪಿಯೆರೋನ ಚಿತ್ರ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿ ಇದೆ.