ಕೊಳೆತ ದೋಣಿಯಲ್ಲಿ ಭೂಮಿ ಸುತ್ತಿದ ಜೋಶುವಾ ಸ್ಲೋಕಮ್

ನಾವು ಇಂಜಿನಿಯರಿಂಗ್ ಓದೋರು ಹೊಸದನ್ನು ಡಿಸೈನ್ ಮಾಡೋ ಕನಸು ಕಾಣ್ತೀವಿ. ಹಳೆಯದನ್ನು ರಿಪೇರಿ ಮಾಡೋದೂ ಅಷ್ಟೇ ದೊಡ್ಡ ವಿದ್ಯೆ ಅಂತ ತೋರಿಸಿದವರು ಜೋಶುವಾ ಸ್ಲೋಕಮ್.

1844ರಲ್ಲಿ ಕೆನಡಾದ ನೋವಾ ಸ್ಕಾಟಿಯಾದಲ್ಲಿ ಹುಟ್ಟಿದ ಸ್ಲೋಕಮ್ ಹಾಯಿಹಡಗುಗಳ ಕ್ಯಾಪ್ಟನ್ ಆದರು. 1887ರ ಕೊನೆಗೆ ಬ್ರೆಜಿಲ್ ತೀರದ ಮರಳುದಿಬ್ಬಕ್ಕೆ ಸಿಕ್ಕಿ ಅವರ ಸ್ವಂತ ಹಡಗು ನಾಶವಾಯ್ತು. ಅಲ್ಲೇ 35 ಅಡಿಯ ದೋಣಿ ಕಟ್ಟಿ, ಹೆಂಡತಿ ಮಕ್ಕಳೊಂದಿಗೆ ಅಮೆರಿಕಕ್ಕೆ ವಾಪಸ್ ಬಂದರು. ಆದರೆ ಅಷ್ಟೊತ್ತಿಗೆ ಉಗಿಹಡಗುಗಳ ಕಾಲ. ಹಾಯಿ ಕ್ಯಾಪ್ಟನ್‌ಗೆ ಕೆಲಸ ಸಿಗೋದು ಕಷ್ಟವಾಗಿತ್ತು.

1892ರಲ್ಲಿ ಪರಿಚಯದ ಕ್ಯಾಪ್ಟನ್ ಒಬ್ಬರು ದೋಣಿಯೊಂದನ್ನು ಸುಮ್ಮನೆ ಕೊಟ್ಟರು. ಹೆಸರು 'ಸ್ಪ್ರೇ'. ಮ್ಯಾಸಚೂಸೆಟ್ಸ್‌ನ ಫೇರ್‌ಹೇವನ್‌ನಲ್ಲಿ, ನೀರಿನಿಂದ ದೂರ, ಹೊಲದಲ್ಲಿ ನಿಂತಿದ್ದ ಮುದಿ ದೋಣಿ ಅದು. ಗೆದ್ದಲು ಹಿಡಿದ ತೊಲೆಗೆ ಬಣ್ಣ ಬಳಿಯೋ ಕೆಲಸ ಸ್ಲೋಕಮ್ ಮಾಡಲಿಲ್ಲ. ಹತ್ತಿರದ ಓಕ್ ಮರ ಕಡಿದು ಹೊಸ ಅಡಿಮರ ಮಾಡಿದರು. ಪಕ್ಕೆಲುಬುಗಳನ್ನು ಹಬೆಯಲ್ಲಿ ಬೇಯಿಸಿ ಬಾಗಿಸಿದರು. ಡೆಕ್‌ಗೆ ಒಂದೂವರೆ ಇಂಚು ದಪ್ಪದ ಪೈನ್ ಹಲಗೆ ಹೊಡೆದು, ಸಂದುಗಳಿಗೆ ಹತ್ತಿ, ನಾರು ತುರುಕಿದರು. ಹಿಡಿದ ಸಮಯ 13 ತಿಂಗಳು, ಖರ್ಚು 553 ಡಾಲರ್ 62 ಸೆಂಟ್.

ಇವತ್ತಿನ ಫೈಬರ್‌ಗ್ಲಾಸ್ ದೋಣಿಗೂ ಇದೇ ಪಾಠ. ಅನೇಕ ದೋಣಿಗಳಲ್ಲಿ ಡೆಕ್‌ನ ಎರಡು ಗಟ್ಟಿ ಪದರಗಳ ಮಧ್ಯೆ ಹಗುರವಾದ ಬಾಲ್ಸಾ ಮರದ ತಿರುಳಿರುತ್ತೆ. ಸರಿಯಾಗಿ ಸೀಲ್ ಮಾಡದ ಸ್ಕ್ರೂ ತೂತಿನಿಂದ ನೀರಿಳಿದರೆ, ಮೇಲೆ ಹೊಳಪಿದ್ದರೂ ಒಳಗೆ ಕೊಳೆಯುತ್ತೆ. ಸುತ್ತಿಗೆಯಿಂದ ತಟ್ಟಿದರೆ ಮಂಕು ಸದ್ದು ಬರುತ್ತೆ. ಆಗ ಮೇಲ್ಪದರ ಕತ್ತರಿಸಿ, ಕೊಳೆತದ್ದನ್ನೆಲ್ಲ ತೆಗೆದು, ಚೆನ್ನಾಗಿ ಒಣಗಿಸಿ, ಹೊಸ ತಿರುಳನ್ನು ಎಪಾಕ್ಸಿಯಿಂದ ಅಂಟಿಸಿ ಮುಚ್ಚಬೇಕು. ಒದ್ದೆ ಉಳಿಸಿ ಮುಚ್ಚಿದರೆ ಕೆಲಸ ಕೆಟ್ಟಂತೆ.

ಸ್ಲೋಕಮ್ 1895ರ ಏಪ್ರಿಲ್ 24ರಂದು ಬೋಸ್ಟನ್‌ನಿಂದ ಒಬ್ಬರೇ ಹೊರಟರು. ಸುಮಾರು 46,000 ಮೈಲಿ ಸುತ್ತಿ 1898ರ ಜೂನ್‌ನಲ್ಲಿ ನ್ಯೂಪೋರ್ಟ್ ತಲುಪಿದರು. ಒಂಟಿಯಾಗಿ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲಿಗರು ಅವರೇ. ಆಸ್ಟ್ರೇಲಿಯಾ ಬಿಟ್ಟ ಮೇಲೆ ನೀರೆತ್ತುವ ಪಂಪ್ ಹೂಡುವ ಪ್ರಮೇಯವೇ ಬರಲಿಲ್ಲ ಅಂತ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ನಮ್ಮ ಮಟ್ಟಿಗೆ 46,000 ಮೈಲಿಗಿಂತ ದೊಡ್ಡ ಸರ್ಟಿಫಿಕೇಟ್ ಆ ಪಂಪೇ.

ಮುಂದೊಮ್ಮೆ ಅದೇ ಸ್ಪ್ರೇ ಹತ್ತಿ ಹೊರಟ ಸ್ಲೋಕಮ್ ಮರಳಿ ಬರಲಿಲ್ಲ. ದೋಣಿಯೂ ಸಿಗಲಿಲ್ಲ. ಸಮುದ್ರ ಹಳೆಯ ರಿಪೇರಿಗೆ ರಿಯಾಯಿತಿ ಕೊಡಲ್ಲ. ಪ್ರತಿ ಪಯಣಕ್ಕೂ ಮುನ್ನ ಹಲಗೆಯನ್ನು ಮತ್ತೆ ತಟ್ಟಿ ನೋಡಲೇಬೇಕು.