ಶ್ರೀಮತಿ ಕಮಲಾದೇವಿಯವರೂ ನಮ್ಮ ಗೃಹಿಣಿಯರೂ

ದಕ್ಷಿಣ ಕನ್ನಡ ಜಿಲ್ಲೆಯು ದೇಶಸೇವೆಗೆ ಒಪ್ಪಿಸಿಕೊಟ್ಟ ಮಹನೀಯರ ಸಾಲಿನಲ್ಲಿ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರ ಹೆಸರು ಮುಂಭಾಗದಲ್ಲಿಯೇ ಬರತಕ್ಕದ್ದು. 1903ನೆಯ ಇಸವಿ ಎಪ್ರಿಲ್ 3ರಂದು ಮಂಗಳೂರಿನಲ್ಲಿ ಜನಿಸಿ, 1988ನೆಯ ಇಸವಿ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ದೇಹವಿಟ್ಟ ಈ ಸ್ತ್ರೀರತ್ನದ ಚರಿತ್ರೆಯನ್ನು ನಮ್ಮವರು ಎರಡು ಪ್ರಸಂಗಗಳಿಂದ ಮಾತ್ರ ನೆನೆಯುವುದುಂಟು: ಉಪ್ಪಿನ ಸತ್ಯಾಗ್ರಹದಲ್ಲಿ ಅವರು ತೋರಿದ ಧೈರ್ಯ ಒಂದು, ದೇಶದ ಕೈಕಸುಬುಗಳನ್ನು ಅವರು ಉದ್ಧರಿಸಿದ ಬಗೆ ಇನ್ನೊಂದು. ಈ ಎರಡರ ಕೆಳಗೆ ಹರಿಯುವ ಮೂರನೆಯ ಸೂತ್ರವೊಂದಿದೆ. ಮನೆಯಲ್ಲಿ ದುಡಿಯುವ ಸ್ತ್ರೀಗೆ ಆ ಮನೆಯ ಸಂಪತ್ತಿನಲ್ಲಿ ಪಾಲೆಷ್ಟು, ಅಧಿಕಾರವೆಷ್ಟು ಎಂಬ ಪ್ರಶ್ನೆಯೇ ಅದು. ಪುತ್ತೂರು, ಸುಳ್ಯ, ಹಾಗೂ ಈಚೆಗೆ ಪ್ರತ್ಯೇಕ ತಾಲೂಕಾದ ಕಡಬ, ಈ ಮೂರು ತಾಲೂಕುಗಳಲ್ಲಿ ಅಡಿಕೆ ಮತ್ತು ರಬ್ಬರಿನ ದೆಸೆಯಿಂದ ಐಶ್ವರ್ಯವು ಹೆಚ್ಚಿ, ಮನೆಮನೆಗಳಲ್ಲಿ ಸುಖಸಾಧನಗಳು ತುಂಬಿರುವ ಈ ಕಾಲದಲ್ಲಿ ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕಮಲಾದೇವಿಯವರ ಜೀವನವನ್ನು ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಅವರ ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ಉನ್ನತ ಹುದ್ದೆಯಲ್ಲಿದ್ದವರು. ತಾಯಿ ಗಿರಿಜಾಬಾಯಿಯವರು ಶಾಲೆಯ ಕಲಿಕೆ ಅಲ್ಪವಾಗಿದ್ದರೂ ಗ್ರಂಥಪಠನದಿಂದ ವಿವೇಕವನ್ನು ಸಂಪಾದಿಸಿಕೊಂಡವರು. ಮನೆಯಲ್ಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ಬಾಲಕಿಗೆ ಏಳು ವರ್ಷ ತುಂಬುವ ಹೊತ್ತಿಗೆ ತಂದೆಯು ಉಯಿಲನ್ನು ಬರೆಯದೆ ತೀರಿಕೊಂಡರು. ಅಂದಿನ ಶಾಸ್ತ್ರ ಹಾಗೂ ಕಾನೂನುಗಳ ಪ್ರಕಾರ ಆಸ್ತಿಯೆಲ್ಲವೂ ಮೊದಲನೆಯ ಹೆಂಡತಿಯ ಮಗನಿಗೆ ಸಂದಿತು. ವಿಧವೆಗೆ ದೊರೆಯಬಹುದಾಗಿದ್ದುದು ಮಾಸಾಶನ ಮಾತ್ರ. ಮಗಳಿಗೆ ಅದೂ ಇಲ್ಲ. ಗಿರಿಜಾಬಾಯಿಯವರು ಆ ಮಾಸಾಶನವನ್ನು ತಿರಸ್ಕರಿಸಿ, ತವರಿನಿಂದ ಬಂದ ಸ್ವತ್ತಿನಿಂದಲೇ ಮಗಳನ್ನು ಬೆಳೆಸಿದರು. ನಿನ್ನೆಯ ತನಕ ತಮ್ಮದಾಗಿದ್ದ ವಿಶಾಲವಾದ ಮನೆಯು ಒಂದು ಸಾವಿನಿಂದ ತಮ್ಮದಲ್ಲದೆ ಹೋದ ಈ ಪ್ರಸಂಗವು ಮುಂದಿನ ಕಮಲಾದೇವಿಯವರನ್ನು ತಿಳಿಯುವುದಕ್ಕೆ ಕೀಲಿಕೈ ಎಂದರೆ ತಪ್ಪಾಗದು. ಐಶ್ವರ್ಯದ ನಡುವೆ ವಾಸಿಸುವುದು ಬೇರೆ, ಐಶ್ವರ್ಯಕ್ಕೆ ಹಕ್ಕುದಾರಳಾಗಿರುವುದು ಬೇರೆ ಎಂಬ ಭೇದವನ್ನು ಅವರು ಗ್ರಂಥದಿಂದ ಕಲಿತವರಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ ವಿವಾಹವಾಯಿತು. ಎರಡು ವರ್ಷಗಳೊಳಗೆ ವೈಧವ್ಯವು ಪ್ರಾಪ್ತವಾಯಿತು. ಅಂದಿನ ಸಮಾಜದಲ್ಲಿ ಬಾಲವಿಧವೆಯ ಗತಿ ಏನೆಂಬುದನ್ನು ಹಿರಿಯ ವಾಚಕರಿಗೆ ವಿವರಿಸಬೇಕಾಗಿಲ್ಲ. ಆದರೆ ತಾಯಿಯು ಜನಾಪವಾದಕ್ಕೆ ಅಂಜದೆ ಮಗಳ ವಿದ್ಯಾಭ್ಯಾಸವನ್ನು ಮುಂದುವರಿಸಿದರು. ಮದರಾಸಿನಲ್ಲಿ ಓದುತ್ತಿದ್ದಾಗ ಸರೋಜಿನೀ ನಾಯಿಡು ಅವರ ಸಹೋದರ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಅವರೊಡನೆ ಪುನರ್ವಿವಾಹವಾಯಿತು. ವಿಧವೆಯ ಮರುಮದುವೆ, ಅದರಲ್ಲಿಯೂ ಅನ್ಯಪ್ರಾಂತದ ಅನ್ಯಜಾತಿಯವರೊಡನೆ! ಎದ್ದ ಕೋಲಾಹಲವನ್ನು ಊಹಿಸಿಕೊಳ್ಳಬಹುದು. ಈ ದಾಂಪತ್ಯವು ಕೊನೆಯ ತನಕ ಉಳಿಯಲಿಲ್ಲ. ವರ್ಷಗಳು ಕಳೆದ ಮೇಲೆ ವಿಚ್ಛೇದನದಲ್ಲಿ ಮುಗಿಯಿತು. ಅದಕ್ಕೂ ಅವರು ಅಂಜಿದವರಲ್ಲ.

1926ರಲ್ಲಿ ಅವರು ಮದರಾಸು ಶಾಸನಸಭೆಗೆ ನಮ್ಮ ಜಿಲ್ಲೆಯ ಕಡೆಯಿಂದ ಚುನಾವಣೆಗೆ ನಿಂತರು. ಭರತಖಂಡದಲ್ಲಿ ಹೀಗೆ ನಿಂತ ಸ್ತ್ರೀಯರಲ್ಲಿ ಅವರು ಮೊದಲಿಗರೆಂದು ಪ್ರಸಿದ್ಧಿ. ಪ್ರಚಾರಕ್ಕೆ ದೊರೆತ ದಿನಗಳು ಕೆಲವೇ ಆಗಿದ್ದರೂ, ಸೋತದ್ದು ಅತ್ಯಲ್ಪ ಅಂತರದಿಂದ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಮದರಾಸು ಪ್ರಾಂತದಲ್ಲಿ ಸ್ತ್ರೀಯರಿಗೆ 1921ರಲ್ಲಿಯೇ ಮತಾಧಿಕಾರವು ದೊರೆತಿತ್ತು. ಆದರೆ ಮತವು ಆಸ್ತಿಗೂ ತೀರ್ವೆಗೂ ಕಟ್ಟಿಹಾಕಲ್ಪಟ್ಟಿತ್ತು. ಸ್ವಂತ ಹೆಸರಿನಲ್ಲಿ ಭೂಮಿ ಇಲ್ಲದ ಗೃಹಿಣಿಗೆ ಕಾನೂನು ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ಹಿಂದಕ್ಕೆ ತೆಗೆದುಕೊಂಡಂತಾಯಿತು. ಮರುವರ್ಷ ಅಖಿಲ ಭಾರತ ಮಹಿಳಾ ಪರಿಷತ್ತು ಸ್ಥಾಪಿತವಾದಾಗ ಕಮಲಾದೇವಿಯವರು ಅದರ ಸಂಘಟನೆಯ ಭಾರವನ್ನು ಹೊತ್ತುದು ಸಹಜವೇ ಆಗಿತ್ತು.

1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಸ್ತ್ರೀಯರನ್ನು ಸೇರಿಸಿಕೊಳ್ಳಲು ಗಾಂಧೀಜಿಯವರು ಮೊದಲು ಒಡಂಬಡಲಿಲ್ಲ. ಕಮಲಾದೇವಿಯವರು ಅವರನ್ನು ಕಂಡು ವಾದಿಸಿ ಒಪ್ಪಿಸಿದರು. ಮುಂಬಯಿಯ ಷೇರುಪೇಟೆಯೊಳಗೆ ಹೊಕ್ಕು ಸ್ವತಂತ್ರ ಉಪ್ಪಿನ ಪೊಟ್ಟಣಗಳನ್ನು ಮಾರಿ ಸೆರೆಮನೆಯನ್ನು ಸೇರಿದರು. ಅಂದಿನಿಂದ ಅವರು ಸೆರೆಮನೆಗಳಲ್ಲಿ ಕಳೆದ ಕಾಲವನ್ನು ಕೂಡಿಸಿದರೆ ವರ್ಷಗಳೇ ಆಗುತ್ತವೆ. ಆದರೆ ರಾಜಕೀಯದ ಈ ಗದ್ದಲದ ನಡುವೆಯೂ ಅಡಿಗೆಮನೆಯ ವಿಚಾರವು ಅವರ ಮನಸ್ಸಿನಿಂದ ದೂರವಾಗಲಿಲ್ಲ. 1932ರಲ್ಲಿ ದಿಲ್ಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಮಹಿಳಾ ಪರಿಷತ್ತಿನ ಪ್ರಯತ್ನದಿಂದ ಆರಂಭವಾಗಿ ಗೃಹವಿಜ್ಞಾನಕ್ಕೆ ವಿದ್ಯೆಯ ಪದವಿಯನ್ನು ಕೊಟ್ಟಿತು; ಅದರ ಹಿಂದೆಯೂ ಅವರಿದ್ದರು. ಅಡುವುದು, ಒಗೆಯುವುದು, ಮಕ್ಕಳನ್ನು ಸಾಕುವುದು, ಇವು ದುಡಿಮೆಯೇ. ದುಡಿಮೆಯಾದುದರಿಂದ ದುಡಿದವಳಿಗೆ ಪತಿಯ ಸಂಪಾದನೆಯಲ್ಲಿ ಹಕ್ಕುಂಟು ಎಂಬ ಮತವನ್ನು ಅವರು ಪ್ರತಿಪಾದಿಸಿದರು. ಕಾಂಗ್ರೆಸ್ ಸಮಾಜವಾದಿಗಳಲ್ಲಿ ಅಗ್ರಗಣ್ಯರಾಗಿದ್ದ ಅವರಿಗೆ ಗಿರಣಿಯ ಕಾರ್ಮಿಕನ ಬೆವರಿಗೂ ಗೃಹಿಣಿಯ ಬೆವರಿಗೂ ಭೇದವು ಕಾಣಲಿಲ್ಲ.

1939ರಲ್ಲಿ ಯುರೋಪಿಗೆ ಹೋಗಿದ್ದಾಗ ಮಹಾಯುದ್ಧವು ಸ್ಫೋಟಗೊಂಡಿತು. ಅಲ್ಲಿಂದ ಅವರು ಅಮೇರಿಕಕ್ಕೆ ದಾಟಿ, 1941ರ ತನಕ ಆ ದೇಶವನ್ನು ಸುತ್ತಿದರು. ಸುಖಪ್ರವಾಸಿಗಳು ನೋಡುವ ಗಗನಚುಂಬಿ ಸೌಧಗಳನ್ನು ಮಾತ್ರ ಅವರು ನೋಡಲಿಲ್ಲ. ಸೆರೆಮನೆಗಳನ್ನೂ, ಕಾರ್ಮಿಕರ ಕೇರಿಗಳನ್ನೂ, ಕಪ್ಪು ಜನಾಂಗದವರ ಬಾಳನ್ನೂ ಹೊಕ್ಕು ನೋಡಿದರು. ದಕ್ಷಿಣದ ಲೂಸಿಯಾನಾ ಸಂಸ್ಥಾನದಲ್ಲಿ ಬಿಳಿಯರಿಗೆ ಮೀಸಲಾದ ರೈಲುಡಬ್ಬಿಯಿಂದ ಏಳಬೇಕೆಂದು ಟಿಕೇಟು ತನಿಖೆಯವನು ಆಜ್ಞಾಪಿಸಿದಾಗ, ಭಾರತದ ಗಣ್ಯ ಅತಿಥಿಯೆಂದು ಹೇಳಿಕೊಂಡು ಪಾರಾಗುವ ದಾರಿಯಿದ್ದರೂ ಅದನ್ನು ಹಿಡಿಯದೆ, ತಾವೂ ವರ್ಣೀಯಳೇ ಎಂದು ಸಾರಿ ಸ್ಥಳದಿಂದ ಕದಲದೆ ಕುಳಿತರು. ಈ ಪ್ರವಾಸದ ಫಲವಾಗಿ ಅಮೇರಿಕವನ್ನು ಅತಿಶಯಗಳ ನಾಡೆಂದು ವರ್ಣಿಸುವ ಅವರ ಇಂಗ್ಲಿಷ್ ಗ್ರಂಥವು 1946ರಲ್ಲಿ ಪ್ರಕಟವಾಯಿತು.

ಅವರು ಹಿಂದಿರುಗಿದ ಬಳಿಕ ಆ ದೇಶದ ಸ್ತ್ರೀಯರ ಬಾಳಿನಲ್ಲಿ ಸಂಭವಿಸಿದ ಬದಲಾವಣೆಯನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಅದು ನಮಗೂ ಪಾಠವಾಗತಕ್ಕದ್ದು. ಯುದ್ಧಕಾಲದಲ್ಲಿ ಸುಮಾರು 60 ಲಕ್ಷ ಸ್ತ್ರೀಯರು ಹೊಸತಾಗಿ ಕಾರ್ಖಾನೆ ಕಚೇರಿಗಳ ಕೆಲಸಕ್ಕೆ ಸೇರಿದರು. 1945ರಲ್ಲಿ ಸಿಪಾಯಿಗಳು ಮರಳಿದೊಡನೆ ಅವರಲ್ಲಿ ಬಹುಮಂದಿಯನ್ನು ಮನೆಗೆ ಕಳುಹಿಸಲಾಯಿತು. ಅನಂತರ ಬಂದುದು ಲೋಕವು ಅದುವರೆಗೆ ಕಾಣದ ಸಮೃದ್ಧಿ. 1947ರಿಂದ ನ್ಯೂಯಾರ್ಕಿನ ಹೊರವಲಯದ ಲೆವಿಟ್‌ಟೌನ್ ಎಂಬಲ್ಲಿ ಒಂದೇ ಅಚ್ಚಿನ ಸಾವಿರಾರು ಮನೆಗಳು ಎದ್ದವು. ಅಲ್ಲಿ ಕಪ್ಪು ಜನರಿಗೆ ಮನೆಯನ್ನು ಕೊಡುತ್ತಿರಲಿಲ್ಲ. ಶೀತಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರ, ಕಸ ಹೀರುವ ಯಂತ್ರಗಳು ಮಧ್ಯಮವರ್ಗದವರಿಗೂ ಕೈಗೆಟುಕಿದವು. ವಧುವಿನ ವಯಸ್ಸು ಇಪ್ಪತ್ತರ ಆಸುಪಾಸಿಗೆ ಇಳಿಯಿತು; 1957ರ ಒಂದೇ ವರ್ಷದಲ್ಲಿ ಸುಮಾರು 43 ಲಕ್ಷ ಶಿಶುಗಳು ಜನಿಸಿದುವು. 1959ರಲ್ಲಿ ಮಾಸ್ಕೋ ನಗರದ ಪ್ರದರ್ಶನದಲ್ಲಿ ಉಪಾಧ್ಯಕ್ಷ ನಿಕ್ಸನ್ನರು ರಷ್ಯದ ಕ್ರುಶ್ಚೇವರ ಮುಂದೆ ಅಮೇರಿಕದ ಹಿರಿಮೆಗೆ ಸಾಕ್ಷಿಯಾಗಿ ತೋರಿಸಿದುದು ಒಂದು ಅಡಿಗೆಮನೆಯನ್ನು!

ಆದರೆ ಯಂತ್ರವು ಮೈನೋವನ್ನು ಕಳೆದಷ್ಟು ಕೆಲಸದ ವೇಳೆಯನ್ನು ಕಳೆಯಲಿಲ್ಲ. ವಾರಕ್ಕೊಮ್ಮೆ ಒಗೆಯುತ್ತಿದ್ದ ಬಟ್ಟೆಯನ್ನು ಮತ್ತೆ ಮತ್ತೆ ಒಗೆಯುವ ರೂಢಿಯಾಯಿತು. ಶುಚಿತ್ವದ ನಿರೀಕ್ಷೆಯೇ ಬೆಳೆಯಿತು. ಹೊರಗೆ ಕೆಲಸಕ್ಕೆ ಹೋಗುವ ಗೃಹಿಣಿಯರ ಸಂಖ್ಯೆಯು ಆ ದಶಕದುದ್ದಕ್ಕೂ ಏರುತ್ತಲೇ ಹೋಯಿತಾದರೂ, ಅವರ ಸಂಬಳ ಪುರುಷರಿಗಿಂತ ಕಡಮೆ. 1963ರಲ್ಲಿ ಬೆಟ್ಟಿ ಫ್ರೀಡನ್ ಎಂಬ ಲೇಖಕಿಯು, ಎಲ್ಲವೂ ಇದ್ದೂ ಏನೋ ಇಲ್ಲದಂತೆ ಕೊರಗುವ ಗೃಹಿಣಿಯರ ವ್ಯಥೆಯನ್ನು ಗ್ರಂಥರೂಪದಲ್ಲಿ ಹೊರಗೆಡಹಿದಾಗ ಆ ದೇಶವು ಬೆಚ್ಚಿತು. ಪತಿಯ ಒಪ್ಪಿಗೆಯನ್ನು ಕೇಳದೆ ಸ್ತ್ರೀಗೆ ಸಾಲವನ್ನು ಕೊಡಬೇಕೆಂಬ ಕಾನೂನು ಅಲ್ಲಿ ಆದುದು 1974ರಲ್ಲಿ! ಶೀತಪೆಟ್ಟಿಗೆಯು ಮೊದಲು ಬಂದಿತು, ಸ್ವಂತ ಲೆಕ್ಕದ ಪುಸ್ತಕವು ಕಾಲು ಶತಮಾನದ ಬಳಿಕ ಬಂದಿತು.

ಅದೇ ವರ್ಷಗಳಲ್ಲಿ ಕಮಲಾದೇವಿಯವರು ಬೇರೊಂದು ಮಾರ್ಗವನ್ನು ಹಿಡಿದಿದ್ದರು. ಸ್ವರಾಜ್ಯವು ಬಂದ ಮೇಲೆ ಅಧಿಕಾರದ ಪೀಠಗಳನ್ನು ಬಯಸದೆ, 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಎಂಬ ಸಂಸ್ಥೆಯನ್ನು ಕಟ್ಟಿ, ವಾಯವ್ಯ ಗಡಿಪ್ರಾಂತದಿಂದ ಬಂದ ನಿರಾಶ್ರಿತರು ಫರೀದಾಬಾದಿನಲ್ಲಿ ತಮ್ಮ ಊರನ್ನು ತಾವೇ ಕಟ್ಟಿಕೊಳ್ಳಲು ನೆರವಾದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿ ದೀರ್ಘಕಾಲ ದುಡಿದರು. ಹೆಣೆಯುವ, ನೇಯುವ, ಕಸೂತಿ ಹಾಕುವ ಕೈಗಳಲ್ಲಿ ಬಹುಪಾಲು ಸ್ತ್ರೀಯರ ಕೈಗಳೆಂಬುದನ್ನು ಅವರು ಬಲ್ಲರು. ಆ ಕೈಗಳಿಗೆ ಕೂಲಿಯಷ್ಟೇ ಅಲ್ಲ, ಸಹಕಾರದ ಮೂಲಕ ಒಡೆತನವೂ ಸಿಗಬೇಕೆಂಬುದು ಅವರ ಹಂಬಲ. ಯಂತ್ರದ ಸಮೃದ್ಧಿಯಲ್ಲಿ ಮುಳುಗಿದ್ದ ಅಮೇರಿಕದಲ್ಲಿಯೇ, 1964ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ, ಐಲೀನ್ ವೆಬ್ ಎಂಬ ಮಹಿಳೆಯೊಡಗೂಡಿ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪನೆಗೆ ಅವರು ಕಾರಣರಾದುದು ಅರ್ಥಪೂರ್ಣವಾಗಿದೆ. 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯೂ, 1987ರಲ್ಲಿ ಪದ್ಮವಿಭೂಷಣವೂ ಅವರನ್ನು ಅರಸಿಕೊಂಡು ಬಂದುವು.

ಇನ್ನು ನಮ್ಮ ಮೂರು ತಾಲೂಕುಗಳ ಕಡೆಗೆ ದೃಷ್ಟಿಯನ್ನು ಹೊರಳಿಸೋಣ. ಸಹಕಾರವೆಂಬುದು ಇಲ್ಲಿಗೆ ಹೊಸತಲ್ಲ; ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲಿಯೇ ಅದರ ಬೀಜವನ್ನು ಬಿತ್ತಿದ್ದರು. ಅಡಿಕೆಯ ಧಾರಣೆಯು ಕುಸಿದು ಕೃಷಿಕರು ಕಂಗೆಟ್ಟಾಗ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕ್ಯಾಂಪ್ಕೋ ಹುಟ್ಟಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟಿನ ಕಾರ್ಖಾನೆಯೂ ಎದ್ದಿತು. ಐಶ್ವರ್ಯದೊಡನೆ ಗೃಹಕೃತ್ಯವೂ ಬದಲಾಯಿತು. ಕಡೆಯುವ ಕಲ್ಲಿನ ಮುಂದೆ ಗಂಟೆಗಟ್ಟಲೆ ಕುಳಿತ ಕೈಗೆ ಗ್ರೈಂಡರು ಬಂದಿತು; ಹಸಿ ಸೌದೆಯ ಹೊಗೆಯಿಂದ ಕೆಂಪಾಗುತ್ತಿದ್ದ ಕಣ್ಣಿಗೆ ಗ್ಯಾಸಿನ ಒಲೆಯು ಬಂದಿತು; ಬಾವಿಯ ರಾಟೆಗೆ ಬದಲಾಗಿ ಪಂಪು, ಒಗೆಯುವ ಕಲ್ಲಿಗೆ ಬದಲಾಗಿ ಯಂತ್ರ. ಇದನ್ನು ನಾವು ಸ್ವಾಗತಿಸುತ್ತೇವೆ. ಒನಕೆಯ ಹಾಡಿನ ಸೊಗಸನ್ನು ವರ್ಣಿಸುವ ಪುರುಷರು ಒನಕೆಯನ್ನು ಎತ್ತಿದವರಲ್ಲ.

ಹಾಗಾದರೆ ಒಡೆತನವು? ಅಂಗಳದಲ್ಲಿ ಅಡಿಕೆಯನ್ನು ಒಣಗಿಸಿ, ಮಳೆಯ ಹನಿ ಬಿದ್ದೊಡನೆ ಓಡಿ ರಾಶಿ ಮಾಡಿದವಳು ಗೃಹಿಣಿ. ಮಾರಿದ ಹಣವು ಜಮೆಯಾಗುವುದು ಬಹುಮಟ್ಟಿಗೆ ಯಜಮಾನನ ಖಾತೆಗೆ. ತುಳುನಾಡಿನ ಅಳಿಯಸಂತಾನದ ಕಟ್ಟಿನಲ್ಲಿ ಆಸ್ತಿಯು ಸ್ತ್ರೀಸಂತತಿಯಲ್ಲಿ ಇಳಿದುಬರುತ್ತಿತ್ತು; ಆದರೂ ಆಡಳಿತವು ಬಹುಮಟ್ಟಿಗೆ ಸೋದರಮಾವನ ಕೈಯಲ್ಲಿತ್ತು. 1974ರ ಭೂಸುಧಾರಣೆಯಿಂದ ಗೇಣಿಯ ಒಕ್ಕಲುಗಳು ಒಡೆಯರಾದಾಗ, ನಟ್ಟಿ ಕೊಯಿಲುಗಳಲ್ಲಿ ಸೊಂಟ ಬಗ್ಗಿಸಿದವಳ ಹೆಸರು ಹಕ್ಕುಪತ್ರದಲ್ಲಿ ಕಾಣಿಸಿದುದು ವಿರಳ. ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವವಳಿಗೆ, 1964ರ ಒಪ್ಪಂದದಿಂದ ಸಿಂಹಳವನ್ನು ಬಿಟ್ಟುಬಂದು ಸುಳ್ಯದ ಕಾಡುಗಳಲ್ಲಿ ಮುಂಜಾವದಲ್ಲಿಯೇ ರಬ್ಬರು ಮರವನ್ನು ಕೆತ್ತುವ ತಮಿಳು ತಾಯಿಗೆ, ಕೈಯಲ್ಲಿ ಸ್ವಂತ ಸಂಪಾದನೆಯಾದರೂ ಉಂಟು. ನೂರು ಖಂಡಿ ಅಡಿಕೆಯ ಮನೆಯ ಸೊಸೆಗೆ ಕೆಲವೊಮ್ಮೆ ಅದೂ ಇಲ್ಲ.

ಕಾನೂನಿನ ಬಾಗಿಲು ಈಗ ತೆರೆದಿದೆ. 1956ರಲ್ಲಿ ಹಿಂದೂ ಮಗಳಿಗೆ ತಂದೆಯ ಸ್ವತ್ತಿನಲ್ಲಿ ಉತ್ತರಾಧಿಕಾರವೂ, ಕರ್ನಾಟಕದಲ್ಲಿ 1994ರಲ್ಲಿಯೂ ದೇಶದಾದ್ಯಂತ 2005ರಲ್ಲಿಯೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗನಿಗೆ ಸಮಾನವಾದ ಪಾಲೂ ದೊರೆತುವು. ಏಳು ವರ್ಷದ ಕಮಲಾದೇವಿಗೆ ಆದ ಅನ್ಯಾಯವನ್ನು ಇಂದಿನ ಕಾನೂನು ಸಹಿಸದು. ಆದರೆ ಕಾನೂನು ಕೊಟ್ಟುದನ್ನು ರೂಢಿಯು ಹಿಂದಕ್ಕೆ ಕೇಳುತ್ತದೆ. ಮದುವೆಯಲ್ಲಿ ಕೊಟ್ಟ ಚಿನ್ನವನ್ನೇ ಪಾಲೆಂದು ಎಣಿಸಿ, ತವರಿನ ಬಾಗಿಲು ಮುಚ್ಚೀತೆಂಬ ಭಯವನ್ನು ಮುಂದೊಡ್ಡಿ, ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕಿಸುವ ಸಂಪ್ರದಾಯವು ನಮ್ಮಲ್ಲಿ ಅಳಿದಿಲ್ಲ. ಪತ್ರವನ್ನು ಬರೆಯುವ ವಕೀಲರೂ, ನೋಂದಾಯಿಸುವ ಅಧಿಕಾರಿಗಳೂ, ಸಾಕ್ಷಿ ಹಾಕುವ ಊರ ಗಣ್ಯರೂ ಈ ಪತ್ರಿಕೆಯ ವಾಚಕರೇ ಆಗಿದ್ದಾರೆ. ಅವರಲ್ಲಿ ನಮ್ಮ ವಿನಂತಿ ಇಷ್ಟೆ: ರುಜುವಿಗೆ ಮೊದಲು, ಬಿಟ್ಟುಕೊಡುತ್ತಿರುವುದೇನು, ಅದರ ಬೆಲೆಯೆಷ್ಟು ಎಂಬುದನ್ನು ಆ ಮಗಳಿಗೆ ಏಕಾಂತದಲ್ಲಿ ವಿವರಿಸಿ ತಿಳಿಸುವುದು, ಹೊಸದಾಗಿ ಕೊಂಡ ಭೂಮಿಯ ಪಹಣಿಯಲ್ಲಿಯೂ ಸಹಕಾರ ಸಂಘದ ಸದಸ್ಯರ ಪಟ್ಟಿಯಲ್ಲಿಯೂ ಗೃಹಿಣಿಯ ಹೆಸರನ್ನು ಸೇರಿಸುವುದು. ಕಮಲಾದೇವಿಯವರಿಗೆ ಹಾರ ಹಾಕುವ ಸಭೆಗಳು ಬೇಕಾದಷ್ಟು ನಡೆಯಲಿ. ಅವರ ಜಿಲ್ಲೆಯವರೆಂಬ ಹೆಮ್ಮೆಯು ನಮಗೆ ಸಲ್ಲುವುದು ಈ ಎರಡು ಕೆಲಸಗಳಿಂದ.