ಹೈರಮ್ ಪರ್ಸಿ ಮ್ಯಾಕ್ಸಿಮ್

ಹೈರಮ್ ಪರ್ಸಿ ಮ್ಯಾಕ್ಸಿಮ್ (ಸೆಪ್ಟೆಂಬರ್ 2, 1869 – ಫೆಬ್ರವರಿ 17, 1936) ಅಮೆರಿಕದ ಎಂಜಿನಿಯರ್, ಸಂಶೋಧಕ ಹಾಗೂ ಹವ್ಯಾಸಿ ರೇಡಿಯೊ ಚಳವಳಿಯ ಪ್ರವರ್ತಕ. ಒಂದು ಕೇಂದ್ರದಿಂದ ಮತ್ತೊಂದಕ್ಕೆ ದಾಟಿಸುತ್ತ ಸಂದೇಶವನ್ನು ದೂರದ ಊರಿಗೆ ಮುಟ್ಟಿಸುವ ಪದ್ಧತಿಗೆ ಇವರು ಸಂಘಟಿತ ರೂಪ ನೀಡಿದರು. ಮುಂದೆ ಪ್ಯಾಕೆಟ್ ರೇಡಿಯೊ ಮೂಲಕ ಇಮೇಲ್ ರವಾನಿಸುವ ವ್ಯವಸ್ಥೆ ಬೆಳೆದದ್ದೂ ಇದೇ ತತ್ತ್ವದ ಮೇಲೆ.

ಜನನ ಮತ್ತು ವೃತ್ತಿ

ಮ್ಯಾಕ್ಸಿಮ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಜನಿಸಿದರು. ತಂದೆ, ಮ್ಯಾಕ್ಸಿಮ್ ಮೆಷಿನ್ ಗನ್ ನಿರ್ಮಿಸಿದ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್. ತಾಯಿ ಜೇನ್ ಬಡನ್. ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಇವರು 1886ರಲ್ಲಿ ವ್ಯಾಸಂಗ ಮುಗಿಸಿದರು. 1895ರಲ್ಲಿ ಹಾರ್ಟ್‌ಫರ್ಡ್ ನಗರದ ಪೋಪ್ ಕಂಪನಿಯನ್ನು ಸೇರಿ ಆರಂಭಕಾಲದ ಮೋಟಾರು ವಾಹನಗಳನ್ನು ರೂಪಿಸಿದರು. ಬಂದೂಕಿನ ಸದ್ದನ್ನು ತಗ್ಗಿಸುವ ಇವರ ಸಾಧನಕ್ಕೆ 1909ರಲ್ಲಿ ಪೇಟೆಂಟ್ ದೊರೆಯಿತು.

ಸಂದೇಶಗಳ ಸರಪಳಿ

1912ರ ಅಮೆರಿಕದ ಕಾನೂನು ಹವ್ಯಾಸಿಗಳನ್ನು 200 ಮೀಟರ್ ಹಾಗೂ ಅದಕ್ಕಿಂತ ಕಿರಿದಾದ ತರಂಗಗಳಿಗೆ ಸೀಮಿತಗೊಳಿಸಿತ್ತು. 1914ರ ಏಪ್ರಿಲ್‌ನಲ್ಲಿ ಮ್ಯಾಕ್ಸಿಮ್ ಹಾರ್ಟ್‌ಫರ್ಡ್‌ನಿಂದ ಸ್ಪ್ರಿಂಗ್‌ಫೀಲ್ಡ್‌ಗೆ ಕಳುಹಿಸಿದ ಸಂದೇಶ ತಲುಪಲಿಲ್ಲ. ನಡುದಾರಿಯ ವಿಂಡ್ಸರ್ ಲಾಕ್ಸ್ ಊರಿನ ಹವ್ಯಾಸಿಯೊಬ್ಬರು ಅದನ್ನು ಪಡೆದು ಮುಂದಕ್ಕೆ ಮುಟ್ಟಿಸಿದರು. ದುರ್ಬಲ ಕೇಂದ್ರಗಳೂ ಕೈಜೋಡಿಸಿದರೆ ದೇಶದ ಉದ್ದಗಲಕ್ಕೆ ಸುದ್ದಿ ಒಯ್ಯಬಹುದೆಂದು ಅರಿತ ಮ್ಯಾಕ್ಸಿಮ್, ತರುಣ ಕ್ಲಾರೆನ್ಸ್ ಟಸ್ಕಾ ಜೊತೆಗೂಡಿ ಅದೇ ವರ್ಷ ಅಮೆರಿಕನ್ ರೇಡಿಯೊ ರಿಲೇ ಲೀಗ್ ಸ್ಥಾಪಿಸಿದರು. 1915ರ ಡಿಸೆಂಬರ್‌ನಲ್ಲಿ ಅದರ ಪತ್ರಿಕೆ 'ಕ್ಯೂಎಸ್‌ಟಿ' ಆರಂಭವಾಯಿತು.

ಸಂಕಷ್ಟ ಮತ್ತು ಪುನರುತ್ಥಾನ

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಹವ್ಯಾಸಿ ಕೇಂದ್ರಗಳೆಲ್ಲ ಮುಚ್ಚಲ್ಪಟ್ಟವು. ಯುದ್ಧಾನಂತರ ರೇಡಿಯೊವನ್ನು ನೌಕಾಪಡೆಯ ವಶಕ್ಕೆ ಒಪ್ಪಿಸುವ ಮಸೂದೆ ಬಂದಿತು. ಅದು ಅಂಗೀಕಾರವಾಗಿದ್ದರೆ ಹವ್ಯಾಸಿ ರೇಡಿಯೊ ಅಳಿದೇ ಹೋಗುವ ಸಂಭವವಿತ್ತು. ಮ್ಯಾಕ್ಸಿಮ್ ಮತ್ತು ಲೀಗ್ ಅದನ್ನು ವಿರೋಧಿಸಿದರು. ಮಸೂದೆ ಬಿದ್ದುಹೋಯಿತು, 1919ರಲ್ಲಿ ನಿರ್ಬಂಧವೂ ತೆರವಾಯಿತು. 1923ರಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಹವ್ಯಾಸಿಗಳು ಅಟ್ಲಾಂಟಿಕ್ ಸಾಗರದಾಚೆ ಪರಸ್ಪರ ಸಂಪರ್ಕ ಸಾಧಿಸಿದರು. 1925ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೊ ಒಕ್ಕೂಟಕ್ಕೆ ಮ್ಯಾಕ್ಸಿಮ್ ಮೊದಲ ಅಧ್ಯಕ್ಷರಾದರು.

ನಿಧನ ಮತ್ತು ಪರಂಪರೆ

1936ರಲ್ಲಿ ಕೊಲರಾಡೊ ರಾಜ್ಯದ ಲಾ ಹುಂಟಾದಲ್ಲಿ ಮ್ಯಾಕ್ಸಿಮ್ ನಿಧನರಾದರು. ಇವರ ಕರೆ ಸಂಕೇತವಾಗಿದ್ದ 'ಡಬ್ಲ್ಯೂ1ಎಡಬ್ಲ್ಯೂ' ಇಂದು ಲೀಗಿನ ಪ್ರಧಾನ ಕೇಂದ್ರದ ಸಂಕೇತವಾಗಿದೆ.

1978ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಹವ್ಯಾಸಿಗಳು ಪ್ಯಾಕೆಟ್ ರೇಡಿಯೊ ಪ್ರಯೋಗಿಸಿದರು. 1984ರಲ್ಲಿ ಲೀಗ್ ಅದರ 'ಎಎಕ್ಸ್.25' ನಿಯಮಾವಳಿಗೆ ಒಪ್ಪಿಗೆ ನೀಡಿತು. ಇದರಲ್ಲಿ ಸಂದೇಶವನ್ನು ಸಣ್ಣ ತುಣುಕುಗಳಾಗಿ ವಿಂಗಡಿಸಿ, ಪ್ರತಿ ತುಣುಕಿಗೂ ಕಳುಹಿಸುವವರ ಮತ್ತು ಪಡೆಯುವವರ ಕರೆ ಸಂಕೇತ ಸೇರಿಸಲಾಗುತ್ತದೆ. ಕೆಟ್ಟುಹೋದ ತುಣುಕನ್ನು ಮತ್ತೆ ಕಳುಹಿಸಲಾಗುತ್ತದೆ. ಅಂಚೆಪೆಟ್ಟಿಗೆಯಂತಿರುವ ಕೇಂದ್ರವು ಪತ್ರವನ್ನು ಕಾಪಿಟ್ಟು, ಮುಂದಿನ ಕೇಂದ್ರದ ಸಂಪರ್ಕ ದೊರೆತಾಗ ರವಾನಿಸುತ್ತದೆ. ಅಂತರಜಾಲದ ಇಮೇಲ್ ಅನ್ನು ಇದಕ್ಕೆ ಜೋಡಿಸುವ ದ್ವಾರಕೇಂದ್ರಗಳೂ ಇವೆ. ಆದರೆ ಹವ್ಯಾಸಿ ತರಂಗಗಳಲ್ಲಿ ವಾಣಿಜ್ಯ ವ್ಯವಹಾರಕ್ಕಾಗಲಿ ಅರ್ಥ ಮರೆಮಾಡುವ ಗುಪ್ತಲಿಪಿಗಾಗಲಿ ಸಾಮಾನ್ಯವಾಗಿ ಅವಕಾಶವಿಲ್ಲ. ದೂರವಾಣಿ, ಅಂತರಜಾಲಗಳು ಕಡಿದುಹೋದ ವಿಪತ್ತಿನ ಸಮಯದಲ್ಲಿ ಈ ವ್ಯವಸ್ಥೆ ನೆರವಿಗೆ ಬರುತ್ತದೆ. ವಿಂಡ್ಸರ್ ಲಾಕ್ಸ್‌ನ ಹವ್ಯಾಸಿ ಅಂದು ಮಾಡಿದ ಕೆಲಸವನ್ನು ಈಗ ಯಂತ್ರ ನಿರ್ವಹಿಸುತ್ತಿದೆ.